ನಿಂತು ತಿಂದದ್ದು

"ಇನ್ನೊಂದು ಸೌಟು ಹಾಕು," ಎಂದಳು ಹಿಲ್ಕಾ.

ಐಲಾ ಕಾದ ಕಲ್ಲುಗಳ ಮೇಲೆ ನೀರು ಸುರಿದಳು. ಚುಯ್ಯೆಂದು ಎದ್ದ ಆವಿ ಸೌನಾದ, ಆ ಬೆವರುಸ್ನಾನದ ಕೋಣೆಯ, ಮರದ ಚಾವಣಿಗೆ ತಾಗಿ ಇಬ್ಬರ ಬೆನ್ನಿನ ಮೇಲೂ ಇಳಿಯಿತು. ತಂಗಿ ಐಲಾ ಮೇಲಿನ ಹಲಗೆಯಲ್ಲಿ, ಅಕ್ಕ ಕೆಳಗಿನದರಲ್ಲಿ. ಮೇಲಕ್ಕೆ ಹತ್ತಲು ಹಿಲ್ಕಾಳ ಮೊಣಕಾಲು ಬಿಡದೆ ಮೂರು ವರ್ಷವಾಗಿತ್ತು.

"ಶನಿವಾರ ಬಿಟ್ಟು ಮಂಗಳವಾರ ಬೆಳಗ್ಗೆ ಸೌನಾದಿಂದ ಹೊಗೆ ಎದ್ರೆ ಪಕ್ಕದಮನೆಯವರು, ಹಿಂದಿನ ಕಾಲದ ಹಾಗೆ ಇಲ್ಲೇ ಹೆರಿಗೆನೋ ಸಾವೋ ಅಂತ ಕೇಳ್ಕೊಂಡು ಬರ್ತಾರೆ," ಎಂದಳು ಐಲಾ. "ಕಾಫಿನೂ ಕುಡಿದಿಲ್ಲ ನೀನು. ಬಿದ್ದುಗಿದ್ದೀಯ, ಅಕ್ಕ."

"ಕಾಫಿ ಕಾಲು ಕಿಲೋ ತೂಗುತ್ತೆ."

ನೂರೆರಡು ಕಿಲೋಗಿಂತ ಕೆಳಗಿಳಿದರಷ್ಟೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಎಂದಿದ್ದರು ಆಸ್ಪತ್ರೆಯವರು. ಹೋದ ಸಲ ತೂಗಿದಾಗ ಒಂದು ಕಿಲೋ ಹೆಚ್ಚಿತ್ತು. ಇವತ್ತೂ ತಪ್ಪಿದರೆ ಪಟ್ಟಿಯಿಂದ ಹೆಸರೇ ಹೋಗುತ್ತಿತ್ತು. ಮೂವತ್ತೊಂದು ವರ್ಷ ನಿಂತು ಅಡುಗೆ ಮಾಡಿದ ಶಾಲೆಯಲ್ಲಿ, ಈ ವರ್ಷ ಕಾಲು ಸರಿಹೋಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ಮೆಲ್ಲಗೆ ತಿಳಿಸಿಯೂ ಆಗಿತ್ತು. ಅಂದಿನಿಂದ ಹಿಲ್ಕಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತರೆ ಕಾಲು ಕೇಳುತ್ತಿರಲಿಲ್ಲ.

ಮಾರ್ಚ್ ತಿಂಗಳ ಹಿಮದಲ್ಲಿ, ಕೋಟಿನೊಳಗೆ ತೆಳು ಹತ್ತಿಯ ಅಂಗಿಯೊಂದನ್ನೇ ತೊಟ್ಟು ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು. ನರ್ಸ್ ಕೈಸಾ ಅವಳ ಅಡುಗೆ ತಿಂದು ಬೆಳೆದ ಹುಡುಗಿ. ಶಾಲೆಯ ಮಕ್ಕಳೆಲ್ಲ ಕರೆಯುವಂತೆ ಈಗಲೂ ಅವಳನ್ನು ಅಡುಗೆಯತ್ತೆ ಎಂದೇ ಕರೆಯುತ್ತಿದ್ದಳು. ಹಿಲ್ಕಾ ಕೋಟು, ಬೂಟು, ಕಾಲುಚೀಲ, ಕೊನೆಗೆ ಕಿವಿಯೋಲೆಯನ್ನೂ ತೆಗೆದಿಟ್ಟು ತಕ್ಕಡಿ ಹತ್ತಿದಳು. ನೂರೊಂದೂ ಮುಕ್ಕಾಲು.

ಕೈಸಾ ಬರೆದುಕೊಂಡಳು. ಅತ್ತೆಯ ಕುತ್ತಿಗೆಗೆ ಅಂಟಿದ್ದ ಒದ್ದೆ ಕೂದಲನ್ನು ಒಂದು ಸಲ ನೋಡಿದಳು. ಹೋದ ವಾರದ ರಕ್ತಪರೀಕ್ಷೆಯ ವರದಿಯನ್ನು ಮುಂದಿಟ್ಟಳು. ಮೂರು ತಿಂಗಳ ಸಕ್ಕರೆಯ ಸರಾಸರಿ ಏರಿತ್ತು. ಇಷ್ಟಿದ್ದರೆ ಗಾಯ ಮಾಯುವುದಿಲ್ಲ, ಹಾಗಾಗಿ ಮೊಣಕಾಲು ಕೊಯ್ಯಲು ವೈದ್ಯರು ಒಪ್ಪುವುದಿಲ್ಲ ಎಂದಳು.

"ತೂಕ ಇಳಿದಿದೆಯಲ್ಲ."

"ಇಳಿದಿದ್ದು ನೀರು, ಅತ್ತೆ." ಕೈಸಾ ಅವಳ ಕೈ ಹಿಡಿದು ಬೆರಳಿನ ಗೆಣ್ಣೊಂದನ್ನು ಒತ್ತಿದಳು. ಹಿಲ್ಕಾ ಕೈ ಎಳೆದುಕೊಂಡಳು. "ಬೆರಳ ಮೇಲೇನು ನಡೀತೀರಾ? ಇಲ್ಲಿ ಯಾಕೆ ನೋವು?"

ಕೈಸಾ ನಿಧಾನವಾಗಿ ಹೇಳಿದಳು. ಕೀಲು ಸವೆಯುವುದು ಭಾರದಿಂದ ಮಾತ್ರವಲ್ಲ. ಕೊಬ್ಬು ಬೆನ್ನಿಗೆ ಹೊತ್ತ ಮೂಟೆಯಂತೆ ಸುಮ್ಮನೆ ಕೂತಿರುವುದಿಲ್ಲ, ರಕ್ತಕ್ಕೆ ಏನೇನೋ ಬಿಡುತ್ತ ಕೀಲುಗಳನ್ನು ಒಳಗೊಳಗೇ ಕೆರಳಿಸುತ್ತದೆ. ಸಕ್ಕರೆಯೂ ಅದರ ಜೊತೆ ಸೇರಿಕೊಳ್ಳುತ್ತದೆ.

"ನಾನು ತಿನ್ನೋದು ಇಷ್ಟೇ." ಹಿಲ್ಕಾ ದಿನದಿನ ತಿಂದದ್ದನ್ನು ಬರೆದಿಡುತ್ತಿದ್ದ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಹಾಕಿದಳು. "ಒಂದಕ್ಷರ ಸುಳ್ಳು ಬರೆದಿಲ್ಲ."

ರೈ ರೊಟ್ಟಿ ಒಂದು ಚೂರು. ಬೇಯಿಸಿದ ಎಲೆಕೋಸು. ಮೀನು. ಕೈಸಾ ಹಾಳೆ ತಿರುವುತ್ತ ಒಂದು ಗುರುವಾರದಲ್ಲಿ ಬೆರಳಿಟ್ಟಳು. "ಗುರುವಾರ ಅಂದ್ರೆ ಶಾಲೇಲಿ ಯಾವಾಗಲೂ ಬಟಾಣಿ ಸೂಪು, ಪ್ಯಾನ್‌ಕೇಕು. ಮಕ್ಕಳು ತಿಂದು ಉಳಿದ ಪ್ಯಾನ್‌ಕೇಕು ಎಲ್ಲಿಗೆ ಹೋಗುತ್ತೆ, ಅತ್ತೆ?"

"ಎಸೆಯೋಕಾಗುತ್ತಾ? ಪಾತ್ರೆ ತೊಳೀತಾ ಒಂದೊಂದು ಬಾಯಿಗೆ ಹಾಕ್ಕೋತೀನಿ. ಅದೇನು ಊಟಾನಾ? ಕೂತು ತಿಂದಿದ್ದಲ್ವಲ್ಲ."

ಹೇಳಿ ಮುಗಿಸಿದ ಮೇಲೆ ಅವಳ ಮಾತು ಅವಳಿಗೇ ಕೇಳಿಸಿತು. ಆರು ಮಕ್ಕಳಿಗೆ ಬಡಿಸಿ, ಒಲೆಯ ಪಕ್ಕ ನಿಂತೇ ಬಾಣಲೆ ಕೆರೆದು ತಿನ್ನುತ್ತಿದ್ದ ಅಮ್ಮ ನೆನಪಾದಳು. ಅಮ್ಮ ಮೇಜಿಗೆ ಬಂದು ಕೂತದ್ದನ್ನು ಕಂಡ ನೆನಪೇ ಇರಲಿಲ್ಲ.

"ಜೂನ್‌ವರೆಗೆ ಹೆಸರು ಉಳಿಸಿ ಅಂತ ಡಾಕ್ಟರಿಗೆ ಹೇಳ್ತೀನಿ," ಎಂದಳು ಕೈಸಾ. "ನಿಂತು ತಿಂದಿದ್ದನ್ನೂ ಬರೀರಿ."

ಗುರುವಾರ ಶಾಲೆಯಲ್ಲಿ ಊಟ ಮುಗಿದು ಮಕ್ಕಳ ಗದ್ದಲ ಅಡಗಿತು. ತಟ್ಟೆಗಳು ಒಳಗೆ ಬಂದವು. ತಗಡಿನ ತಟ್ಟೆಯಲ್ಲಿ ಏಳು ಪ್ಯಾನ್‌ಕೇಕು ಉಳಿದಿದ್ದವು, ಅಂಚಿನಲ್ಲಿ ಜಾಮು ಒಣಗುತ್ತಿತ್ತು. ಹಿಲ್ಕಾ ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. ಕಿಟಕಿಯವರೆಗೆ ಹೋಗಿ ಬಂದಳು. ಒಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ಕೊನೆಗೆ ಊಟದ ಕೋಣೆಯಿಂದ ಮಕ್ಕಳ ಕುರ್ಚಿಯೊಂದನ್ನು ಎಳೆದುತಂದು, ಮೇಜಿನ ಅಂಚು ಹಿಡಿದು, ಮೊಣಕಾಲನ್ನು ಮೆಲ್ಲಗೆ ಬಾಗಿಸಿ ಕೂತಳು. ಆ ಅಡುಗೆಮನೆಯಲ್ಲಿ ಹಿಂದೆಂದೂ ಅವಳು ಕೂತಿರಲಿಲ್ಲ. ಕೂತಾಗ ಕಪಾಟುಗಳು ಎತ್ತರವಾಗಿ ಕಂಡವು.

ಏಪ್ರನ್ ಜೇಬಿನಿಂದ ಪುಸ್ತಕ ತೆಗೆದು ತಟ್ಟೆಯ ಪಕ್ಕ ಬಿಡಿಸಿಟ್ಟಳು. ಊದಿದ ಬೆರಳುಗಳ ನಡುವೆ ಪೆನ್ಸಿಲು ಹಿಡಿದು, ಒಂದು ತಿಂದರೂ ಬರೆಯಬೇಕೆಂದುಕೊಂಡು ಕಾದಳು. ಜಾಮಿನ ಮೇಲೆ ನಲ್ಲಿಯ ಹನಿಯೊಂದು ಸಿಡಿದು ಕೂತಿತ್ತು.