ಬಂಡೆಗೆ ಒಪ್ಪುವ ಬಿಸಿಲು

ಮರುಭೂಮಿಯ ಅಂಚಿನ ಲಾಡ್ಜಿನ ಕೋಣೆಯಲ್ಲಿ ಟೀಚರಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮೈಯೆಲ್ಲ ನುಗ್ಗಾಗಿತ್ತು. ಬೆಳಗಾಗುವ ಮುಂಚೆಯೇ ಎಬ್ಬಿಸಿ, ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಬಂಡೆಯ ಮುಂದೆ ನಿಲ್ಲಿಸಿ, ಕೊನೆಗೆ "ಛೇ, ಗಾಳೀಲಿ ಧೂಳು ಜಾಸ್ತಿ, ಬೆಳಕು ಕೆಟ್ಟುಹೋಯ್ತು" ಎಂದು ಯಜಮಾನರು ವಾಪಸ್ಸು ಕರೆತಂದಿದ್ದರು. ನಿನ್ನೆಯೂ ಇದೇ ರಾಮಾಯಣ. ನಿನ್ನೆ ಮೋಡ ಅಡ್ಡ ಬಂದಿತ್ತು.

ಯಜಮಾನರು ಫೋಟೋಗ್ರಾಫರು. ಮದುವೆ ಮನೆಯ ಫೋಟೋಗ್ರಾಫರಲ್ಲ, ಬಂಡೆಗಳ ಫೋಟೋಗ್ರಾಫರು. ಗಾಳಿ ಕೊರೆದ ಕಲ್ಲು ಎಲ್ಲೋ ಇದೆಯೆಂದು ಕಿವಿಗೆ ಬಿದ್ದರೆ ಸಾಕು, ಹೆಂಡತಿಯನ್ನೂ ಹೊರಡಿಸಿಕೊಂಡು ಹೋಗುವ ಆಸಾಮಿ. ಹೆಂಡತಿ ಯಾಕೆ ಅಂತೀರಾ? ಅಳತೆಗೆ! ಬಂಡೆ ಎಷ್ಟು ದೊಡ್ಡದೆಂದು ನೋಡುವವರಿಗೆ ಗೊತ್ತಾಗಬೇಕಲ್ಲ, ಅದರ ಬುಡದಲ್ಲಿ ಒಂದು ನರಪ್ರಾಣಿ ಬೇಕು. ಶಾಲೆಗೆ ರಜೆ ಬಂದಾಗಲೆಲ್ಲ ಟೀಚರಮ್ಮ ಕೆಂಪು ಸ್ವೆಟರು ಹಾಕಿಕೊಂಡು ಬಂಡೆಯ ಬುಡದಲ್ಲಿ ನಿಂತರು. ನಿಂತೂ ನಿಂತೂ ತಲೆ ನೆರೆಯಿತು. ಆ ಫೋಟೋಗಳು ಪುಸ್ತಕಗಳಲ್ಲಿ ಬಂದವು, ಕ್ಯಾಲೆಂಡರುಗಳಲ್ಲಿ ಬಂದವು. ಎಲ್ಲದರಲ್ಲೂ ಅವರಿದ್ದಾರೆ, ಸಾಸಿವೆ ಕಾಳಿನಷ್ಟು.

ಈಗ ಎಡಗಡೆ ಕಿವಿಯ ಕೆಳಗೆ ಒಂದು ಗಡ್ಡೆ ಎದ್ದಿತ್ತು. ಸೋಮವಾರ ಆಪರೇಷನ್. "ಪ್ರಾಣಕ್ಕೇನೂ ಭಯ ಇಲ್ಲಮ್ಮ," ಎಂದಿದ್ದರು ಡಾಕ್ಟರು. "ಆದ್ರೆ ಗಡ್ಡೆ ನರಕ್ಕೆ ಅಂಟಿಕೊಂಡಿದೆ. ನರ ಉಳಿಸೋದು ಕಷ್ಟ. ಆಮೇಲೆ ಈ ಕಡೆ ಮುಖ ಅಲ್ಲಾಡೋದಿಲ್ಲ." ಅಂದರೆ ಇನ್ನು ಮೇಲೆ ಅರ್ಧ ನಗು. ಅವತ್ತು ಟೀಚರಮ್ಮನೂ ಮಗಳೂ ಕೂತು ಮನೆಯ ಡಬ್ಬಿಗಳನ್ನೆಲ್ಲ ಸುರಿದು ಹುಡುಕಿದರು. ಬರೀ ಕಲ್ಲು. ನೆಂಟರಿಷ್ಟರು ಮೊಬೈಲಿನಲ್ಲಿ ತೆಗೆದ ನಾಲ್ಕಾರು ಇದ್ದವು, ಅವುಗಳಲ್ಲಿ ಟೀಚರಮ್ಮ ಪರೀಕ್ಷೆಯ ಕೋಣೆ ಕಾಯುತ್ತಿರುವವರ ಹಾಗೆ ಬಿಗಿದುಕೊಂಡಿದ್ದರು.

"ಅಪ್ಪ ಜೀವಮಾನವೆಲ್ಲ ಫೋಟೋ ತೆಗೆದಿದಾರೆ, ನೀನು ನಗ್ತಿರೋದು ಒಂದೂ ಇಲ್ವಲ್ಲಮ್ಮ!" ಎಂದಳು ಮಗಳು. ಟೀಚರಮ್ಮ ಡಬ್ಬಿಗಳನ್ನು ಹಾಗೇ ಬಿಟ್ಟು ಎದ್ದರು.

"ರೀ, ಸೋಮವಾರದೊಳಗೆ ನಾನು ನಗೋದೊಂದು ಫೋಟೋ ತೆಗೀರಿ," ಎಂದು ಗಂಡನನ್ನು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಿಟಕಿಯ ಹತ್ತಿರ ಕೂರಿಸಿ ಕ್ಲಿಕ್ಕಿಸಿ ಮುಗಿಸುತ್ತಿದ್ದರು. ಈ ಮಹಾರಾಯರು ಕಾರು ತೆಗೆದರು. ಅವರ ಪ್ರಕಾರ ಜಗತ್ತಿನಲ್ಲೇ ಒಳ್ಳೆಯ ಬೆಳಕು ಬೀಳುವುದು ಈ ಬಂಡೆಯ ಮೇಲೆ. ಹೆಂಡತಿಗೆ ಅದಕ್ಕಿಂತ ಕಡಿಮೆಯದನ್ನು ಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಅಲ್ಲೇ ಎಡವಿದ್ದು.

ಇವತ್ತು ಮಧ್ಯಾಹ್ನವೆಲ್ಲ ಯಜಮಾನರು ಲಾಡ್ಜಿನ ಕಿಟಕಿಯ ಪರದೆ ಸರಿಸಿ ಸರಿಸಿ ಆಕಾಶ ನೋಡಿದರು. "ನೆತ್ತಿ ಮೇಲಿನ ಬಿಸಿಲು ಪ್ರಯೋಜನ ಇಲ್ಲ ಕಣೇ, ಎಲ್ಲ ಚಪ್ಪಟೆ ಮಾಡುತ್ತೆ. ಸಂಜೆ ಖಂಡಿತ ಸಿಗುತ್ತೆ."

"ಸಿಗದಿದ್ರೆ? ನಾಳೆ ಊರಿಗೆ ಹೊರಡಬೇಕು. ನಾಡಿದ್ದು ಆಸ್ಪತ್ರೆ."

"ಸಿಗುತ್ತೆ ಅಂದ್ನಲ್ಲ."

ಸಂಜೆ ಮತ್ತೆ ಅದೇ ಬಂಡೆ. ಯಜಮಾನರು ಕ್ಯಾಮೆರಾ ಸ್ಟ್ಯಾಂಡಿನ ಕಾಲು ಬಿಡಿಸಿ ನೆಟ್ಟರು, ಕಿತ್ತರು, ಇನ್ನೊಂದು ಕಡೆ ನೆಟ್ಟರು. ಟೀಚರಮ್ಮನ ಮಂಡಿ ಚುಳುಚುಳು ಎನ್ನುತ್ತಿತ್ತು.

"ಈಗಲೇ ನಗಬೇಡ, ಸುಸ್ತಾಗ್ತೀಯ. ಸೂರ್ಯ ಇನ್ನೂ ಸ್ವಲ್ಪ ಇಳೀಲಿ. ಅಡ್ಡ ಬಿಸಿಲು ಬಿದ್ರೆ ಒಂದೊಂದು ಗೀರೂ ಎದ್ದು ಕಾಣುತ್ತೆ."

"ನನ್ನ ಗೀರು ಯಾರಿಗೆ ಬೇಕಾಗಿದೆ ರೀ?"

"ಇನ್ನೊಂದು ಚೂರು. ಕಲ್ಲು ಕೆಂಪಾಗೋ ಹೊತ್ತಿಗೆ ಹೇಳ್ತೀನಿ."

ಕಲ್ಲು ಕೆಂಪಾಗಲೇ ಇಲ್ಲ. ದಿಗಂತದಲ್ಲಿ ಧೂಳಿನ ಪೊರೆ ಎದ್ದು, ಸೂರ್ಯ ಅದರೊಳಗೆ ತೂರಿಕೊಂಡು ಮಂಕಾಗಿ ಹೋದ. ನೆರಳೂ ಇಲ್ಲ, ಬಣ್ಣವೂ ಇಲ್ಲ. ಬಂಡೆ ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ ನಿಂತಿತ್ತು. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು.

ಟೀಚರಮ್ಮನಿಗೆ ಅಲ್ಲಿಯವರೆಗೆ ಹಿಡಿದಿಟ್ಟಿದ್ದೆಲ್ಲ ನೆತ್ತಿಗೇರಿತು. "ಏಳ್ರೀ ಮೇಲೆ! ನಿಮ್ಮ ಕಲ್ಲು ಕಾಯುತ್ತೆ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇಲ್ಲೇ ಇರುತ್ತೆ. ನನಗೆ ಸೋಮವಾರದವರೆಗೆ ಮಾತ್ರ ಪುರಸೊತ್ತು. ಬೆಳಕಂತೆ ಬೆಳಕು! ನಾನು ಕಾಣಿಸ್ತಾ ಇದೀನೋ ಇಲ್ವೋ? ಕಾಣಿಸಿದ್ರೆ ತೆಗೀರಿ!"

ಯಜಮಾನರು ಬೆಚ್ಚಿ ಎದ್ದರು. ಸ್ಟ್ಯಾಂಡು ಬಿಟ್ಟು ಕ್ಯಾಮೆರಾ ಕೈಗೆತ್ತಿಕೊಂಡು ಹತ್ತಿರ ಬಂದರು. ಇಷ್ಟು ಹತ್ತಿರದಿಂದ ಅವರು ಹೆಂಡತಿಯತ್ತ ಕ್ಯಾಮೆರಾ ಹಿಡಿದಿದ್ದೇ ಇಲ್ಲ. "ನಗು," ಎಂದರು. ಟೀಚರಮ್ಮ ಹಲ್ಲು ತೋರಿಸಿದರು. "ಹೀಗಲ್ಲ." ಅವರು ತುಟಿ ಅಗಲಿಸಿದರು. "ಹೀಗೂ ಅಲ್ಲ." ನಗುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ಅದೆಲ್ಲ ಕಾದು ಕಾದು ಖರ್ಚಾಗಿತ್ತು.

ಇದ್ದಕ್ಕಿದ್ದಂತೆ ಯಜಮಾನರು ಗಾಬರಿಯಾದರು. "ಇದೇನೇ ಇದು, ತುಟಿ ಮೇಲೆ ಮಚ್ಚೆ! ಯಾವಾಗ ಬಂತು? ಡಾಕ್ಟರಿಗೆ ತೋರಿಸಿದ್ಯಾ?"

"ಅಯ್ಯೋ ಮಹಾನುಭಾವ! ಅದು ನನ್ನ ಜೊತೇಲೇ ಹುಟ್ಟಿದ್ದು! ಮದುವೆ ದಿನವೂ ಅಲ್ಲೇ ಇತ್ತು!"

ಹೇಳುತ್ತಿದ್ದಂತೆ ಟೀಚರಮ್ಮನಿಗೆ ನಗು ಉಕ್ಕಿತು. ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಬಂಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಲೇ ಖುಷಿಯೂ ಆಯಿತು, ಅಂತೂ ಸಿಕ್ಕಿತಲ್ಲ ಎಂದು. ಕಣ್ಣೊರೆಸಿಕೊಂಡು ಕೇಳಿದರು, "ತೆಗೆದ್ರಾ?"

ಯಜಮಾನರ ಕ್ಯಾಮೆರಾ ಎದೆಯ ಮೇಲೆ ಜೋತಾಡುತ್ತಿತ್ತು. ಎರಡು ಕೈಯೂ ಖಾಲಿ.

"ಇಲ್ಲ ಕಣೇ. ನೋಡ್ತಾ ನಿಂತುಬಿಟ್ಟೆ."

"ನೋಡ್ತಾ ನಿಂತ್ರಂತೆ!" ಟೀಚರಮ್ಮ ಹಣೆ ಚಚ್ಚಿಕೊಂಡರು. ಯಜಮಾನರು ತಡಬಡಾಯಿಸಿ ಕ್ಯಾಮೆರಾ ಎತ್ತಿ ಒಂದರ ಮೇಲೊಂದು ತೆಗೆದರು. ಮಚ್ಚೆಯ ಮಾತು ಮತ್ತೆ ಆಡಿದರು, ಇನ್ನೇನೋ ಹಳೆಯ ತಮಾಷೆ ನೆನಪಿಸಿದರು. ಎಲ್ಲದರಲ್ಲೂ ಬಿಗಿದ ತುಟಿಯ ಹೆಂಗಸೊಬ್ಬಳು ಬಂದಳು. ಹೋದ ನಗು ಕರೆದರೆ ಬರುತ್ತದೆಯೇ? ಕತ್ತಲಾಗತೊಡಗಿತು. ಇಬ್ಬರೂ ಹೋಗಿ ಕಾರಿನಲ್ಲಿ ಕೂತರು.

ಬೈಯುವುದಕ್ಕೂ ಟೀಚರಮ್ಮನಿಗೆ ಶಕ್ತಿ ಉಳಿದಿರಲಿಲ್ಲ. ಸೀಟಿಗೆ ತಲೆ ಆನಿಸಿದರು. "ಹೋಗ್ಲಿ ಬಿಡಿ. ನೋಡಿದ್ರಲ್ಲ, ಹೇಗಿತ್ತು ಅಂತಾನಾದ್ರೂ ಹೇಳಿ. ಕಲ್ಲಾಗಿದ್ರೆ ಗಂಟೆಗಟ್ಟಲೆ ಹೇಳ್ತಿದ್ರಿ."

ಯಜಮಾನರು ಸ್ಟೇರಿಂಗ್ ಹಿಡಿದುಕೊಂಡು ಯೋಚಿಸಿದರು. ಆಮೇಲೆ ನಿಧಾನವಾಗಿ, ಬಂಡೆಯ ಬಗ್ಗೆ ಹೇಳುವಷ್ಟೇ ಜೋಪಾನವಾಗಿ ಶುರುಮಾಡಿದರು. "ಮೊದಲು ತುಟಿಯ ಎಡ ತುದಿ ಮೇಲೆ ಹೋಗುತ್ತೆ. ಅದರ ಹಿಂದೇನೇ ಎಡಗೆನ್ನೆ ಗುಳಿ ಬೀಳುತ್ತೆ, ಎಡಗಣ್ಣು ಮುಚ್ಚಿಕೊಳ್ಳುತ್ತೆ. ಬಲಗಡೆಗೆ ಆಗ ಗೊತ್ತಾಗುತ್ತೆ, ಓಹೋ ನಗಬೇಕು ಅಂತ. ನಿನ್ನ ನಗು ಎಡಗಡೆಯಿಂದಾನೇ ಹುಟ್ಟೋದು ಕಣೇ..."

ಏನು ಹೇಳುತ್ತಿದ್ದೇನೆಂದು ಅವರಿಗೆ ಆಗ ಹೊಳೆಯಿತು. ಕಾರಿನ ಕೀಲಿ ತಿರುಗಿಸಲೂ ಕೈ ಬರಲಿಲ್ಲ.

ಟೀಚರಮ್ಮ ಎಡಗೆನ್ನೆಯ ಮೇಲೆ ಅಂಗೈ ಇಟ್ಟುಕೊಂಡರು. ಈ ವಯಸ್ಸಿನವರೆಗೂ ಅವರಿಗೆ ಇದು ತಿಳಿದಿರಲಿಲ್ಲ.

"ಯಾಕೆ ನಿಲ್ಲಿಸಿದ್ರಿ?" ಎಂದರು. "ಮುಂದೆ ಹೇಳಿ."