ಕಿವಿ ಮೇಸ್ತ್ರಿಗೆ ಕೇಳಿದ ಸದ್ದು

ನಾನು ಒಬ್ಬಳೇ ಕಟ್ಟಿದ ಮೊದಲ ಇಂಜಿನ್ನು ಮೊದಲ ಸಲ ಕೀ ತಿರುಗಿಸಿದಾಗಲೇ ಸ್ಟಾರ್ಟ್ ಆಯಿತು. ಬೇಕರಿಯವರ ಹಳೇ ವ್ಯಾನಿನದು ಅದು. ಇಂಜಿನ್ನು ಹಿಂಬದಿಗೆ, ರೇಡಿಯೇಟರ್ ಇಲ್ಲ, ನೀರಿನ ಮಾತೇ ಇಲ್ಲ. ಬರೀ ಗಾಳಿಯಲ್ಲಿ ತಣ್ಣಗಾಗುವ ಜಾತಿ. ಒಂದಿಷ್ಟು ಹೊಗೆ ಉಗುಳಿ, ಕೆಮ್ಮಿ, ಆಮೇಲೆ ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಓಡತೊಡಗಿತು. ಬೇಕರಿಯವರು ಚಪ್ಪಾಳೆ ತಟ್ಟಿದರು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಪೆಟ್ರೋಲ್ ಪೈಪಿನ ತುಂಡೊಂದರ ತುದಿಯನ್ನು ಬಲಗಿವಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಇಂಜಿನ್ನಿನ ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಆಡಿಸುತ್ತಿದ್ದ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ನಿಂತ.

"ನಾಕಿಂಗ್ ಇದೆ. ಬಿಚ್ಚು," ಅಂದ.

ನಾಕಿಂಗ್ ಎಂದರೆ ಒಳಗಿನಿಂದ ಬರುವ ಗುದ್ದು. ಬೇರಿಂಗು ಸರಿಯಾಗಿ ಕೂರದಿದ್ದರೆ ಬರುತ್ತದೆ. ಹಾಗೇ ಓಡಿಸಿದರೆ ಒಂದು ದಿನ ಒಳಗಿನ ರಾಡು ಇಂಜಿನ್ನಿನ ಹೊಟ್ಟೆ ಸೀಳಿಕೊಂಡು ಆಚೆ ಬರುತ್ತದೆ. ಬೇರಿಂಗು ಕೂರಿಸಿದವಳು ನಾನು. ಬೇರೆ ಯಾರ ತಲೆಗೂ ಕಟ್ಟುವ ಹಾಗಿರಲಿಲ್ಲ.

"ಇರ್ಲಿ ಬಿಡಿ ಮೇಸ್ತ್ರಿ, ನಂಗೇನೂ ಕೇಳಿಸ್ತಿಲ್ಲ," ಎಂದರು ಬೇಕರಿಯವರು. "ನಿಮ್ಮ ಮಗಳೇ ಅಲ್ವಾ ಕಟ್ಟಿರೋದು?"

"ದೀಪ ನಮ್ಮನೇದು ಅಂತ ಮುತ್ತು ಕೊಟ್ರೆ ಮೀಸೆ ಸುಡದೆ ಬಿಡುತ್ತಾ?" ಎಂದ ಅಪ್ಪ.

ಅಪ್ಪನ ಮಾತಿಗೆ ಎದುರು ಹೇಳುವವರು ಯಾರೂ ಇಲ್ಲ. ಊರಿಗೆಲ್ಲ ಅವನು ಕಿವಿ ಮೇಸ್ತ್ರಿ. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ, ಇಂಥ ಟ್ಯಾಪೆಟ್ ಸಡಿಲ ಎಂದು ಕೂತಲ್ಲಿಂದ ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಅಪ್ಪನ ಕಿವಿ, ಚಿಕ್ಕಪ್ಪನ ಕೈ: ನಮ್ಮ ಗ್ಯಾರೇಜು ನಡೆದದ್ದೇ ಇವೆರಡರ ಮೇಲೆ.

ಈಗ ಚಿಕ್ಕಪ್ಪನ ಕೈ ನಮ್ಮಲ್ಲಿರಲಿಲ್ಲ. ಹೋದ ವರ್ಷದ ಕೊನೆಗೆ ಚಿಕ್ಕಪ್ಪ ಇಂಥದೇ ಒಂದು ಇಂಜಿನ್ನು ಕಟ್ಟಿದ್ದ. ಅಪ್ಪ ಪೈಪಿಟ್ಟು ಕೇಳಿ ನಾಕಿಂಗ್ ಅಂದ. ಬಿಚ್ಚಿದರು, ಏನೂ ಸಿಗಲಿಲ್ಲ. ಕಟ್ಟಿದರು, ಮತ್ತೆ ನಾಕಿಂಗ್ ಅಂದ. ಕೊನೆಗೆ ಗಿರಾಕಿಗಳೆಲ್ಲ ನಿಂತಿದ್ದಾಗಲೇ, "ನಿನ್ನ ಕೈಗೆ ವಯಸ್ಸಾಯ್ತು ಕಣೋ," ಎಂದುಬಿಟ್ಟ. ಚಿಕ್ಕಪ್ಪ ಬಡಪೆಟ್ಟಿಗೆ ಸಿಟ್ಟು ಮಾಡಿಕೊಳ್ಳುವವನಲ್ಲ. ಅವತ್ತು ಮಾತ್ರ, "ಕೈ ಸರಿಯಾಗೇ ಇದೆ ಅಣ್ಣ. ಕೆಟ್ಟಿರೋದು ನಿನ್ನ ಕಿವಿ," ಎಂದ. ಅಪ್ಪ ಬಿಟ್ಟಾನೆಯೇ? "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಡಿ ಆಚೆ," ಎಂದ. ಚಿಕ್ಕಪ್ಪ ಸ್ಪಾನರುಗಳನ್ನೆಲ್ಲ ಒರೆಸಿ, ಸಾಲಾಗಿ ಜೋಡಿಸಿಟ್ಟು ಹೊರಟುಹೋದ. ಈಗ ಸೇತುವೆ ಆಚೆ ಒಂದು ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಒಡಹುಟ್ಟಿದವರು ಎದುರಾದರೆ ಒಬ್ಬರು ರಸ್ತೆ ದಾಟಿಬಿಡುತ್ತಾರೆ.

ಅದಕ್ಕೇ ಈ ಇಂಜಿನ್ನು ನನ್ನ ಪಾಲಿಗೆ ಬಂದದ್ದು. ಕೊಡುವಾಗಲೇ ಅಪ್ಪ ಹೇಳಿದ್ದ: "ಇದೂ ಕೆಟ್ರೆ ನಮ್ಮಲ್ಲಿ ಇಂಜಿನ್ ಕೆಲ್ಸ ಅಲ್ಲಿಗೆ ನಿಂತು ಹೋಯ್ತು ಅಂದ್ಕೋ. ಆಯಿಲ್ ಬದಲಾಯಿಸ್ಕೊಂಡು, ಬ್ರೇಕ್ ಕಟ್ಕೊಂಡು ಇರು." ನನಗೆ ಬ್ರೇಕು ಕಟ್ಟಿಕೊಂಡು ಇರುವುದು ಬೇಕಿರಲಿಲ್ಲ. ನನಗೆ ಇಂಜಿನ್ನೇ ಬೇಕಿತ್ತು.

ಬಿಚ್ಚುವ ಮೊದಲು ಹೊರಗಿನಿಂದ ನೋಡಬೇಕಾದ್ದನ್ನೆಲ್ಲ ನೋಡಿದೆ. ಓಡುವ ಇಂಜಿನ್ನಿನಲ್ಲಿ ಒಂದೊಂದೇ ಪ್ಲಗ್ಗಿನ ವೈರು ಕಿತ್ತೆ. ಯಾವ ಸಿಲಿಂಡರಿನಲ್ಲಿ ರಾಡು ಸಡಿಲವೋ ಅದರ ವೈರು ಕಿತ್ತಾಗ ಗುದ್ದು ಮೆತ್ತಗಾಗಬೇಕು. "ಹಾಗೇ ಇದೆ," ಎಂದ ಅಪ್ಪ. ಫ್ಯಾನ್ ಬೆಲ್ಟು ತೆಗೆದು ಒಂದು ಕ್ಷಣ ಓಡಿಸಿದೆ. ಫ್ಯಾನಿನದೋ ಡೈನಮೋದೋ ಸದ್ದಾಗಿದ್ದರೆ ಆಗ ನಿಲ್ಲಬೇಕು. "ಹಾಗೇ ಇದೆ." ಇಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಟ್ಯಾಪೆಟ್ಟುಗಳ ಸಂದು ಮತ್ತೆ ಅಳೆದೆ. ಆಯಿಲ್ ಪ್ರೆಶರಿಗೆ ಮೀಟರು ಹಾಕಿದೆ. ಮುಳ್ಳು ಎದ್ದು ಜಂಬದಿಂದ ನಿಂತಿತು. "ಹಾಗೇ ಇದೆ."

"ನಂಗೇನೂ ಕೇಳಿಸ್ತಿಲ್ಲಪ್ಪಾ!"

"ಕೇಳಿಸಿದ್ರೆ ಹೀಗ್ಯಾಕೆ ಕಟ್ತಿದ್ದೆ?"

ಆ ಮಾತು ಕೆನ್ನೆಗೆ ಬಾರಿಸಿದ ಹಾಗಾಯಿತು. ನಾನು ಇಂಜಿನ್ನು ಇಳಿಸಿ, ಎರಡು ಹೋಳು ಮಾಡಿ ಬೆಂಚಿನ ಮೇಲಿಟ್ಟೆ. ಬೇರಿಂಗುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅಪ್ಪ ಒಂದೊಂದರ ಮೇಲೂ ಬೆರಳು ಸವರಿದ, ಕ್ರ್ಯಾಂಕು ಹಿಡಿದು ಅಲುಗಿಸಿದ, ಫ್ಲೈವೀಲಿನ ನಟ್ಟು ನೋಡಿದ. ತಪ್ಪು ಸಿಗಲಿಲ್ಲ. ಅಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. ತನಗೆ ಕೇಳಿದ್ದು ಕಣ್ಣಿಗೆ ಸಿಗದೇ ಇದ್ದದ್ದು ಚಿಕ್ಕಪ್ಪ ಕಟ್ಟಿದ ಆ ಇಂಜಿನ್ನಿನಲ್ಲಿ ಮಾತ್ರ. ಈಗ ಇದು ಎರಡನೆಯದು.

ಮನೆಯಲ್ಲೂ ಅದೇ ಗೋಳು. ಊಟದ ಹೊತ್ತಿಗೆ ಅಪ್ಪ ಅಮ್ಮನಿಗೆ, "ಮಲಗೋ ಕೋಣೆ ಫ್ಯಾನಿನ ಬುಶ್ ಹೋಗಿದೆ. ಟಕ್ ಟಕ್ ಅನ್ನುತ್ತೆ," ಎಂದ.

"ಹಳೇ ಫ್ಯಾನು ಸದ್ದು ಮಾಡುತ್ತೆ ಅಂತ ನೀವೇ ತಾನೇ ಹೊಸದು ತಂದಿದ್ದು?" ಎಂದಳು ಅಮ್ಮ. "ಇದನ್ನೂ ನಿಮ್ಮ ಮಗಳೇ ಕಟ್ಟಿದ್ದಾ?"

ನಾನು ಅಷ್ಟು ಬೇಜಾರಿನಲ್ಲೂ ಕಿಸಕ್ಕನೆ ನಕ್ಕೆ. ನಗುವ ವಿಷಯ ಅದಲ್ಲ ಎಂದು ಯಾರಿಗೆ ಗೊತ್ತಿತ್ತು?

ಮತ್ತೆ ಕಟ್ಟಿದೆ. ಒಂದೊಂದು ನಟ್ಟನ್ನೂ ಅಪ್ಪನ ಎದುರಿಗೇ ಬಿಗಿದೆ. ಬೇಕರಿಯವರು ಬಂದು ನಿಂತರು. ಸ್ಟಾರ್ಟ್ ಮಾಡಿದೆ. ಅಪ್ಪ ಬಾಗಿ ಪೈಪಿಟ್ಟ, ಕಣ್ಣು ಮುಚ್ಚಿದ.

"ಇದೆ," ಎಂದ.

ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಅವನ ಮಗಳೇ ತಾನೇ. "ಎಲ್ಲಿದೆ? ಹೇಗಿದೆ? ತಾಳ ಹಾಕಿ ತೋರ್ಸು!" ಎಂದು ಕಿರುಚಿದೆ.

ಅಪ್ಪ ಕಣ್ಣು ಮುಚ್ಚಿಕೊಂಡೇ, ಕಿವಿಯ ಪೈಪು ತೆಗೆಯದೆ, ತೋರುಬೆರಳಿನಿಂದ ಬಂಪರಿನ ಮೇಲೆ ಬಡಿದು ತೋರಿಸಿದ. ಟಕ್. ಟಕ್. ಟಕ್. ಎಷ್ಟು ನಿಧಾನ! ಇಂಜಿನ್ನು ಅದಕ್ಕಿಂತ ಎಷ್ಟೋ ಬೇಗ ತಿರುಗುತ್ತಿತ್ತು. ನಾನು ಕೈಯಿಂದಲೇ ಕಾರ್ಬ್ಯುರೇಟರಿನ ಲಿವರ್ ತುಸು ಎಳೆದೆ. ಇಂಜಿನ್ನಿನ ವೇಗ ಏರಿತು. ಒಳಗೆ ಏನು ಗುದ್ದುತ್ತಿದ್ದರೂ ಈಗ ಅದೂ ಓಡಬೇಕು. ಅಪ್ಪನ ಬೆರಳು ಓಡಲಿಲ್ಲ. ಟಕ್. ಟಕ್. ಟಕ್. ವೇಗ ಎತ್ತಿದರೆ ಗುದ್ದು ಗದ್ದಲದಲ್ಲಿ ಮುಳುಗಿಹೋಗುತ್ತದೆ ಎಂದು ಅಪ್ಪ ಇಷ್ಟು ದಿನ ಇಂಜಿನ್ನು ಮೆಲ್ಲಗೆ ಓಡುವಾಗಲೇ ಕೇಳುತ್ತಿದ್ದ. ಅದಕ್ಕೇ ಇದು ಅವನಿಗೆ ಹೊಳೆದಿರಲಿಲ್ಲ. ಇಗ್ನಿಷನ್ ಕಾಯಿಲಿನ ವೈರು ಹಿಡಿದು ಕಿತ್ತುಬಿಟ್ಟೆ.

ಇಂಜಿನ್ನು ನಿಂತಿತು. ಗ್ಯಾರೇಜು ಗಪ್‌ಚಿಪ್ ಆಯಿತು.

ಅಪ್ಪನ ಬೆರಳು ನಿಲ್ಲಲಿಲ್ಲ.

"ಯಾಕೆ ಆಫ್ ಮಾಡ್ದೆ?" ಎಂದು ಗದರಿದ. "ಈಗ ಇನ್ನೂ ಚೆನ್ನಾಗಿ ಕೇಳಿಸ್ತಿ..."

ಮಾತು ಅಲ್ಲೇ ನಿಂತಿತು. ಅಪ್ಪ ಕಣ್ಣು ಬಿಟ್ಟ. ನಿಂತ ಇಂಜಿನ್ನನ್ನು ನೋಡಿದ, ತನ್ನ ಬೆರಳನ್ನು ನೋಡಿದ, ನನ್ನನ್ನು ನೋಡಿದ. ಅಪ್ಪನ ಮುಖದಲ್ಲಿ ಅಂಥ ಭಯವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೇಕರಿಯವರು ತೆರೆದ ಬಾಯಿ ಮುಚ್ಚಲಿಲ್ಲ.

ನಾನು ಅಪ್ಪನ ಕಿವಿಯಿಂದ ಪೈಪು ತೆಗೆದು ನನ್ನ ಕಿವಿಗೆ ಸಿಕ್ಕಿಸಿಕೊಂಡೆ. ಇನ್ನೊಂದು ತುದಿಯನ್ನು ಅಪ್ಪನ ಕತ್ತಿಗೆ, ಎಡಗಡೆ ಇಟ್ಟೆ. ಸುಮ್ಮನಿತ್ತು. ಬಲಗಡೆ, ದವಡೆಯ ಕೆಳಗೆ ಇಟ್ಟೆ. ಕೇಳಿಸಿತು. ಗುದ್ದು, ಅದರ ಹಿಂದೆಯೇ ಸುಯ್ ಎನ್ನುವ ಸದ್ದು. ಗಿಡಕ್ಕೆ ನೀರು ಬಿಡುವ ಪೈಪನ್ನು ಅದುಮಿ ಹಿಡಿದರೆ ನೀರು ನುಗ್ಗುತ್ತದಲ್ಲ, ಹಾಗೆ. ಇಷ್ಟು ದಿನ ಎಲ್ಲೆಲ್ಲೋ ಹುಡುಕಿದ ನಾಕಿಂಗು ನಮ್ಮಪ್ಪನ ಕತ್ತಿನಲ್ಲಿತ್ತು.

"ಕೇಳಿಸ್ತಾ?" ಎಂದ ಅಪ್ಪ, ಮಗುವಿನ ಹಾಗೆ.

"ಕೇಳಿಸ್ತಪ್ಪ. ವ್ಯಾನ್ ಹತ್ತು," ಎಂದೆ.

ನನ್ನ ಇಂಜಿನ್ನಿನ ಮೊದಲ ಓಟ ಆಸ್ಪತ್ರೆಗೆ. ಬೇಕರಿಯವರು ಕೀ ನನ್ನ ಕೈಗೆ ಹಾಕಿ, "ನಾನು ನಿಮ್ಮಮ್ಮಂಗೆ ಹೇಳ್ತೀನಿ, ನೀನು ಹೊರಡು," ಎಂದರು. ನಾನು ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ, ಪಕ್ಕದಲ್ಲಿ ಸೀಟು ಬಿಗಿಯಾಗಿ ಹಿಡಿದು ಕೂತಿದ್ದ ಅಪ್ಪ, "ಹೊಸ ಇಂಜಿನ್ನು, ಮೆಲ್ಲಗೆ ಹೋಗೇ," ಎಂದ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಡಾಕ್ಟರಮ್ಮ ಸ್ಟೆತಾಸ್ಕೋಪನ್ನು ನಾನು ಪೈಪಿಟ್ಟ ಜಾಗಕ್ಕೇ ಇಟ್ಟರು. ಹುಬ್ಬು ಮೇಲೇರಿತು. ಸ್ಕ್ಯಾನು ಮಾಡಿಸಿದರು. ಮಿದುಳಿಗೆ ರಕ್ತ ಒಯ್ಯುವ ನಾಳ ಕತ್ತಿನಲ್ಲಿ ದಾರದಷ್ಟು ಕಿರಿದಾಗಿದೆ, ಯಾವಾಗ ಬೇಕಾದರೂ ಅರ್ಧ ಮೈ ಬಿದ್ದುಹೋಗಬಹುದಿತ್ತು ಎಂದರು. ಈಗಿನಿಂದಲೇ ಮಾತ್ರೆ, ನಾಳೆ ಬೆಳಿಗ್ಗೆ ಬಂದು ಸೇರಿಕೊಳ್ಳಬೇಕು, ಆಪರೇಷನ್ ಆಗಬೇಕು.

"ಇಷ್ಟು ಕಾಲದಿಂದ ಸದ್ದು ಕೇಳಿಸ್ತಿದ್ರೂ ಯಾಕೆ ಬರ್ಲಿಲ್ಲ ನೀವು?"

"ಇಂಜಿನ್ನಿಂದು ಅಂದ್ಕೊಂಡಿದ್ದೆ," ಎಂದ ಅಪ್ಪ.

ಕಿವಿ ಮುಚ್ಚಿದರೆ ಒಳಗಿನ ಸದ್ದು ದೊಡ್ಡದಾಗುತ್ತದಂತೆ. ಪೈಪು ಸಿಕ್ಕಿಸಿದಾಗ ಹಾಗೆ, ದಿಂಬಿಗೆ ಕಿವಿ ಒತ್ತಿ ಮಲಗಿದಾಗಲೂ ಹಾಗೆ. ಡಾಕ್ಟರಮ್ಮ ಅದನ್ನು ಹೇಳುತ್ತಿದ್ದಂತೆ ಅಪ್ಪ ನನ್ನ ಕಡೆ ತಿರುಗಿ, "ಹಾಗಾದ್ರೆ ಫ್ಯಾನೂ ಸರಿ ಇತ್ತಾ?" ಎಂದ.

"ಸರಿ ಇತ್ತಪ್ಪ."

"ನಿನ್ನ ಇಂಜಿನ್ನೂ?"

"ಹೂಂ."

ಮೆಟ್ಟಿಲಿಳಿದು ವ್ಯಾನಿನ ಹತ್ತಿರ ಬಂದೆವು. ಬಾಗಿಲಿಗೆ ಕೈ ಹಾಕಿದ ಅಪ್ಪ ಹಾಗೇ ನಿಂತ. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ನಾನು ಹೆದರಿ ತೋಳು ಹಿಡಿದೆ.

"ನಿನ್ನ ಚಿಕ್ಕಪ್ಪಂದೂ ಸರಿ ಇತ್ತು," ಎಂದ. "ಅಯ್ಯೋ... ಅವನದೂ ಸರಿ ಇತ್ತು ಕಣೇ."

ಆಪರೇಷನ್ ಎಂದಾಗಲೂ ಅಪ್ಪ ಅಷ್ಟು ಕುಸಿದಿರಲಿಲ್ಲ. ನಾನು ಏನೂ ಕೇಳದೆ ಸೇತುವೆ ಕಡೆಗೆ ಗಾಡಿ ತಿರುಗಿಸಿದೆ.

ಚಿಕ್ಕಪ್ಪ ಲೇತಿನ ಮುಂದೆ ನಿಂತು ಕಬ್ಬಿಣದ ತುಂಡೊಂದನ್ನು ತಿರುಗಿಸುತ್ತಿದ್ದ. ಕಾಲ ಬಳಿ ಕಬ್ಬಿಣದ ಸುರುಳಿಗಳ ರಾಶಿ. ಅಪ್ಪನನ್ನು ಕಂಡ, ಕನ್ನಡಕದ ಹಿಂದೆ ಕಣ್ಣು ಒಮ್ಮೆ ಅಗಲವಾಯಿತು, ಮತ್ತೆ ಕೆಲಸಕ್ಕೆ ತಿರುಗಿಬಿಟ್ಟ. ಅಪ್ಪ ಅವನ ಪಕ್ಕಕ್ಕೆ ಹೋಗಿ, ಜೇಬಿನಿಂದ ಪೈಪಿನ ತುಂಡು ತೆಗೆದು ಮುಂದೆ ಹಿಡಿದ.

"ಕೇಳು."

"ಏನನ್ನ?"

ಅಪ್ಪ ಒಂದು ತುದಿಯನ್ನು ತನ್ನ ಕತ್ತಿಗೆ ಇಟ್ಟುಕೊಂಡು ಇನ್ನೊಂದನ್ನು ಚಾಚಿದ. ಚಿಕ್ಕಪ್ಪ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಪೈಪು ಕಿವಿಗೆ ಸಿಕ್ಕಿಸಿಕೊಂಡ. ಗದ್ದಲದಲ್ಲಿ ಏನೂ ಕೇಳಿಸಿರಲಿಕ್ಕಿಲ್ಲ. ಎಡಗೈ ಚಾಚಿ ಲೇತಿನ ಸ್ವಿಚ್ಚು ಆರಿಸಿದ. ಯಂತ್ರ ತಿರುಗಿ ತಿರುಗಿ ನಿಂತಿತು. ಚಿಕ್ಕಪ್ಪ ಮಾತ್ರ ಪೈಪು ತೆಗೆಯಲಿಲ್ಲ. ಅವನ ಮುಖ ನೋಡನೋಡುತ್ತಲೇ ಬಿಳಿಚಿಕೊಂಡಿತು.

"ಏನಣ್ಣ ಇದು?"

"ನೀನು ಕಟ್ಟಿದ ಇಂಜಿನ್ನಿನ ನಾಕಿಂಗು."

"ಇದನ್ನಾ ನೀನು ಅವತ್ತು..."

"ಇದನ್ನೇ. ಕಿವಿ ಕೆಟ್ಟಿರ್ಲಿಲ್ಲ ಕಣೋ, ಸರಿಯಾಗೇ ಕೇಳಿಸ್ತು. ಸದ್ದು ನಂದು, ಬೈಸ್ಕೊಂಡಿದ್ದು ನೀನು. ನಾಳೆ ಕತ್ತು ಕುಯ್ತಾರಂತೆ. ಅದಕ್ಕೆ ಮುಂಚೆ ಹೇಳ್ಬೇಕು ಅಂತ ಬಂದೆ."

ಚಿಕ್ಕಪ್ಪ ಅಪ್ಪಿಕೊಳ್ಳಲಿಲ್ಲ. "ಎಲ್ಲರ ಮುಂದೆ ಬೈದೆ," ಎಂದ.

"ಬೈದೆ."

"ನಂಗೂ ಹಾಗೇ ಅನ್ನಿಸಿಬಿಟ್ಟಿತ್ತಣ್ಣ, ಕೈಗೆ ವಯಸ್ಸಾಯ್ತು ಅಂತ. ಅಲ್ಲಿಂದೀಚೆಗೆ ಒಂದು ಇಂಜಿನ್ನೂ ಮುಟ್ಟಿಲ್ಲ ನಾನು."

ಚಿಕ್ಕಪ್ಪ ಪೈಪನ್ನು ಮತ್ತೆ ಅಣ್ಣನ ಕತ್ತಿಗೆ ಇಟ್ಟು ಇನ್ನೊಮ್ಮೆ ಕೇಳಿದ. ಆಮೇಲೆ ಕನ್ನಡಕ ಮೊಳೆಗೆ ಸಿಕ್ಕಿಸಿ, ಕೈ ಒರೆಸಿಕೊಂಡು ನಮ್ಮ ಹಿಂದೆ ಹೊರಟ.

ವ್ಯಾನಿನ ಹತ್ತಿರ ಅಪ್ಪ ಹಿಂದಿನ ಮುಚ್ಚಳ ಎತ್ತಿದ. "ನನ್ನ ಕಿವೀಲಿ ಇನ್ನು ನಂಗೆ ಗೊತ್ತಾಗಲ್ಲ. ಇವಳು ಕಟ್ಟಿದ್ದು. ನೀನೇ ಕೇಳಿ ಹೇಳು," ಎಂದ. ನಾನು ಸ್ಟಾರ್ಟ್ ಮಾಡಿದೆ. ಚಿಕ್ಕಪ್ಪ ಬಾಗಿ ಪೈಪಿಟ್ಟು ಬಹಳ ಹೊತ್ತು ಕೇಳಿದ.

"ಏನೂ ಇಲ್ಲ ಅಣ್ಣ. ಬರೀ ಇಂಜಿನ್ ಇದೆ."

ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಕಣ್ಣು ಮಂಜಾಗಿ ನಾನು ಗೇರು ಬದಲಿಸದೆ ಆಕ್ಸಿಲರೇಟರ್ ಒತ್ತಿಬಿಟ್ಟೆ. "ಹೊಸ ಇಂಜಿನ್ನು, ಮೆಲ್ಲಗೆ ಹೋಗೇ!" ಎಂದು ಹಿಂದಿನಿಂದ ಇಬ್ಬರೂ ಒಟ್ಟಿಗೆ ಗದರಿದರು.