ಹಾವಿನ ಎಡ, ಹಾವಿನ ಬಲ

ಇಂಡೊನೇಷ್ಯಾದ ಸೆಮಾರಾಂಗ್‌ನ ಹಾವಿನ ಅಂಗಡಿಯಲ್ಲಿ ಪಶುವೈದ್ಯೆ ಪುಸ್ಪಿತಾ ತೊಡೆ ದಪ್ಪದ ಹೆಬ್ಬಾವಿನ ಎಡ ಮಗ್ಗುಲಿಗೆ, ಚರ್ಮದಡಿಯ ಗುರುತಿನ ಚಿಪ್ ಓದುವ ಯಂತ್ರವನ್ನು ಮೂರನೇ ಸಲ ಹಿಡಿದಳು. ಯಂತ್ರ ಸುಮ್ಮನಿತ್ತು.

"ನಿಮ್ಮ ಹಾವಾಗಿದ್ರೆ ಇಷ್ಟೊತ್ತಿಗೆ ಯಂತ್ರ ಕೂಗ್ಬೇಕಿತ್ತಲ್ಲ, ಯಜಮಾನ್ರೇ," ಎಂದು ಅಂಗಡಿಯ ಗಿಲಾಂಗ್ ನಕ್ಕ. "ಬಿಡಿ, ಇದನ್ನ ಕೊಳ್ಳೋರು ಬರ್ತಿದ್ದಾರೆ."

ಹಾವು ಕಳೆದುಕೊಂಡಿದ್ದ ವಾರ್ಸಿತೊ ಅವಳತ್ತ ತಿರುಗಿದರು. "ಎಂಟು ವರ್ಷ ಸಾಕಿದೀನಿ, ಮೇಡಂ. ಇದು ನಮ್ಮ ಮೆಲಾತಿನೇ. ಚಿಪ್ ಹಾಕಿದ್ದು ನೀವೇ ಅಲ್ವಾ?"

ಹಾಕಿದ್ದು ಅವಳೇ. ಎಲ್ಲರೂ ಹಾಕುವುದು ಎಡಗಡೆಗೇ. ಆದರೆ ಆ ದಿನ ಹೆಣ್ಣೋ ಗಂಡೋ ನೋಡಲು ಹಾವನ್ನು ಅಂಗಾತ ಮಲಗಿಸಿದ್ದು ಈಗ ನೆನಪಾಯಿತು. ಮಗುಚದೆ ಹಾಗೆಯೇ ತನ್ನ ಎಡಕ್ಕಿದ್ದ ಮಗ್ಗುಲಿಗೆ ಚುಚ್ಚಿದ್ದಳು. ಅದು ಹಾವಿನ ಬಲ.

ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಹಾವು ಹೋಗುತ್ತದೆ.

"ತಪ್ಪು ನಂದು, ಯಜಮಾನ್ರೇ. ಬಲಗಡೆ ನೋಡ್ತೀನಿ."

ಯಂತ್ರ ಕೂಗಿತು. ಅದರಲ್ಲಿ ಮೂಡಿದ ಸಂಖ್ಯೆ ವಾರ್ಸಿತೊ ತಂದಿದ್ದ ಚಿಪ್ ಕಾರ್ಡಿನದೇ.

"ಎಡಬಲ ತಿಳೀದೋರ ಕೈಗೂ ಸೂಜಿ ಕೊಡ್ತಾರಪ್ಪ," ಎಂದು ಗೊಣಗುತ್ತ ಗಿಲಾಂಗ್ ಗೋಣಿಚೀಲ ಚಾಚಿದ.

ವಾರ್ಸಿತೊ ಹಾವನ್ನು ಚೀಲಕ್ಕಿಳಿಸಿ, ಮಗುವಿನಂತೆ ಎದೆಗವಚಿಕೊಂಡು ಹೊರಟರು. ಪುಸ್ಪಿತಾಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಆ ದಿನ ಅವಳು ಚುಚ್ಚಿದ್ದು ಹನ್ನೊಂದು ಹಾವಿಗೆ, ಎಲ್ಲವನ್ನೂ ಅಂಗಾತವೇ ಮಲಗಿಸಿ. ಅಂಗಡಿಯ ಬಾಗಿಲಲ್ಲೇ ನಿಂತು ಉಳಿದ ಹತ್ತರಲ್ಲಿ ಮೊದಲ ಹಾವಿನ ಮನೆಗೆ ಫೋನ್ ಮಾಡಿದಳು.